ಬಕೆಟ್ ಹೋಯಿತು, ಗುಂಡಿಗಿಳಿಯುವುದು ನಿಲ್ಲಲಿಲ್ಲ

ಕೋಲಾರದ ಹಳೇ ಪೇಟೆಯಲ್ಲಿ ನಮ್ಮ ಅಜ್ಜಿಯ ಮನೆ ಇದೆ. ಮನೆಯ ಹಿಂದೆ ಒಂದು ಸಂದಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟೇ ಜಾಗ. ಆ ಸಂದಿಯ ಕಡೆ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಚೌಕವಾಗಿ ಇಟ್ಟಿಗೆ ಇಟ್ಟು ಮುಚ್ಚಿದ ಗುರುತಿದೆ. ಸುತ್ತಲಿನ ಗಾರೆ ಹಳೆಯದು, ಆ ಚೌಕದ ಸಿಮೆಂಟು ಮಾತ್ರ ಈಚಿನದು. ಚಿಕ್ಕವರಿದ್ದಾಗ ಅದನ್ನು ಕೋಳಿಗೂಡಿನ ಬಾಗಿಲು ಅಂದುಕೊಂಡಿದ್ದೆವು. ಕೇಳಿದರೆ ಅಜ್ಜಿ ಮಾತು ತೇಲಿಸಿಬಿಡುತ್ತಿದ್ದರು. ತುಂಬ ವರ್ಷದ ಮೇಲೆ ಒಂದು ದಿನ ತಾವಾಗಿಯೇ ಹೇಳಿದರು: "ಅದು ಕಕ್ಕಸಿನ ಬಕೆಟ್ ತೆಗೆಯೋ ಕಿಂಡಿ ಕಣಪ್ಪಾ. ಬೆಳಕು ಹರಿಯೋಕೆ ಮುಂಚೆ ಒಬ್ಬಳು ಬರೋಳು. ಅವಳ ಮುಖ ನಾನು ನೋಡಿದ್ದು ಒಂದೋ ಎರಡೋ ಸಲ."

ಆ ಕಿಂಡಿಯ ಒಳಗೆ ಏನಿತ್ತು ಅಂತ ಬಿಡಿಸಿ ಹೇಳಬೇಕು. ಇವತ್ತಿನ ಹುಡುಗರಿಗೆ ಅದು ಗೊತ್ತಿಲ್ಲ. ಎರಡು ಕಲ್ಲು ಚಪ್ಪಡಿ, ನಡುವೆ ಸಂದು. ಅದರ ಕೆಳಗೆ ತಗಡಿನ ಬಕೆಟ್ಟು. ಕೆಲವು ಮನೆಗಳಲ್ಲಿ ಅದೂ ಇಲ್ಲ, ಬರೀ ನೆಲ. ನೀರು ಬಿಡುವ ಏರ್ಪಾಡು ಇರಲಿಲ್ಲ. ಕೂತು ಎದ್ದವರು ಮೇಲೆ ಒಂದು ಹಿಡಿ ಒಲೆ ಬೂದಿ ಎರಚುತ್ತಿದ್ದರು. ಮಾರನೇ ದಿನ ಸಂದಿಯ ಕಡೆಯಿಂದ ತಗಡಿನ ಬಾಗಿಲು ಎತ್ತಿ, ಬಕೆಟ್ ಎಳೆದು, ತನ್ನ ಡಬ್ಬಕ್ಕೆ ಸುರಿದುಕೊಂಡು, ಅಂಟಿಕೊಂಡದ್ದನ್ನು ತಗಡಿನ ಚೂರಿನಿಂದ ಕೆರೆದು, ತಲೆ ಮೇಲಿಟ್ಟುಕೊಂಡು ಹೋಗುತ್ತಿದ್ದವಳು ಒಬ್ಬ ಹೆಂಗಸು. ಮಳೆಗಾಲದಲ್ಲಿ ಅದು ಸೋರಿ ಹೆಗಲ ಮೇಲೆ ಇಳಿಯುತ್ತಿತ್ತು. ಕೂಲಿ ಜೊತೆಗೆ ಒಂದಿಷ್ಟು ತಂಗಳು. ಅದನ್ನೂ ಕೈಗೆ ಕೊಡುತ್ತಿರಲಿಲ್ಲ, ಮೇಲಿನಿಂದ ಹಾಕುತ್ತಿದ್ದರು.

ಹಳೇ ಕಥೆ ಹೇಳಿ ಮುಗಿಸೋಣ ಅಂತ ಇದನ್ನು ಬರೆಯುತ್ತಿಲ್ಲ. ಬಕೆಟ್ಟು ಹೋಯಿತು. ಆದರೆ ಆ ಕೆಲಸದ ಕೊನೆಯ ಪಾಲು ಇವತ್ತಿಗೂ ಯಾರದೋ ಮೈಮೇಲೆ ಬೀಳುತ್ತಿದೆ. ಊರಿನ ಕೊಳಕಿನ ಮಾತು ಬಂದಾಗೆಲ್ಲ 'ಜನರಿಗೆ ಅಭ್ಯಾಸವಿಲ್ಲ, ತಿಳಿವಳಿಕೆ ಇಲ್ಲ' ಅಂತ ಶುರು ಮಾಡುತ್ತೇವೆ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ನೀರು ಯಾರಿಗೆ ಸಿಕ್ಕಿತು, ಪೈಪು ಎಲ್ಲಿಯವರೆಗೆ ಬಂತು, ಖರ್ಚು ಯಾರು ಹೊತ್ತರು, ಇಷ್ಟನ್ನು ನೋಡಿದರೆ ಸಾಕು. ಪೈಪು ಎಲ್ಲಿ ನಿಂತಿತೋ ಅಲ್ಲಿಂದ ಮುಂದಕ್ಕೆ ಕೆಲವು ಜಾತಿಗಳ ಜನರನ್ನೇ ಪೈಪಿನ ಬದಲು ಬಳಸಿಕೊಂಡೆವು. ಇದಕ್ಕೆ ಕೆಜಿಎಫ್‌ಗಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಇಲ್ಲ.

ಕರೆಂಟು ಬಂತು, ನೀರು ಬಂತು

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ದೂರದ ತಂತಿ ಅಪರೂಪ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಬಂದು ಮೂರು ವರ್ಷವಾದ ಮೇಲೆ. ನೀರಿಗೂ ಕಂಪನಿ ದಾರಿ ಮಾಡಿಕೊಂಡಿತು. ಬೇತಮಂಗಲದ ಕೆರೆಯಲ್ಲಿ ಪಾಲಾರ್ ನೀರು ನಿಲ್ಲುತ್ತದೆ. ಅದನ್ನು ಸೋಸಿ, ಪಂಪ್ ಮಾಡಿ, ಗಣಿ ಊರಿಗೆ ತಂದರು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಇಲ್ಲಿ ಅದು ಸಣ್ಣ ಕೆಲಸವಲ್ಲ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಬಂಡೆ ಕೈಯಿಟ್ಟರೆ ಸುಡುತ್ತದೆ. ಅಲ್ಲಿ ಮನುಷ್ಯ ಕೆಲಸ ಮಾಡಲಿ ಅಂತ ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸುವ ಯಂತ್ರ ಕೂರಿಸಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಕೂತು ವಾತಾವರಣದಿಂದ ಬರುವ ನ್ಯೂಟ್ರಿನೋ ಕಣಗಳನ್ನು ಗುರುತಿಸಿದರು. ಭೂಮಿಯನ್ನೇ ಹಾದುಹೋಗುವ, ಯಾವುದಕ್ಕೂ ಸಿಕ್ಕದ ಕಣ ಅದು. ಅದನ್ನು ಹಿಡಿಯುವಷ್ಟು ವಿದ್ಯೆ ನೆಲದಡಿಯಲ್ಲಿ ಇತ್ತು. ನೆಲದ ಮೇಲೆ, ಕಾರ್ಮಿಕರ ಲೈನುಗಳಲ್ಲಿ, ಆಗಲೂ ಬಕೆಟ್ ಕಕ್ಕಸು.

1951ರ ಜನಗಣತಿ ಹೊತ್ತಿಗೆ ಕೆಜಿಎಫ್‌ನ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಅಂದಿನ ಮೈಸೂರು ರಾಜ್ಯದಲ್ಲಿ ಬೆಂಗಳೂರು, ಮೈಸೂರು ಬಿಟ್ಟರೆ ದೊಡ್ಡ ಊರು ಇದೇ. ಒಂದು ಕಡೆ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇನ್ನೊಂದು ಕಡೆ ಲೈನುಗಳು. ಬಿದಿರು ತಟ್ಟಿಯ ಗುಡಿಸಲುಗಳ ಸಾಲು, ಗೋಡೆಗೆ ಗೋಡೆ ತಾಗಿಕೊಂಡು. ಗಣಿಗೆ ಇಳಿಯುತ್ತಿದ್ದವರಲ್ಲಿ ಬಹಳ ಜನ ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ತಮಿಳು ಮಾತಿನ ದಲಿತರು. ಲೈನಿನ ಕೊನೆಯಲ್ಲಿ ಸಾಲು ಕಕ್ಕಸು. ಹಿಂದೆ ನಮ್ಮ ಅಜ್ಜಿ ಮನೆಯಲ್ಲಿದ್ದಂಥದ್ದೇ ಕಿಂಡಿಗಳು. ಅದನ್ನು ಬಳಿದು ಹೊರುತ್ತಿದ್ದವರು ಹೆಚ್ಚಾಗಿ ತೆಲುಗು ಮಾತಾಡುವ ದಲಿತ ಕುಟುಂಬಗಳವರು. ಲೈನಿನವರೇ ದೂರ ಇಟ್ಟಿದ್ದ ಜನ ಅವರು. ಅಪ್ಪನಿಗೆ ಈ ಕೆಲಸ, ಅಣ್ಣನಿಗೆ ಈ ಕೆಲಸ, ಮಗ ದೊಡ್ಡವನಾದರೆ ಅವನಿಗೂ ಇದೇ ಕೆಲಸ.

ಯಾಕೆ ಹೀಗಾಯಿತು? 'ನೀರಿರಲಿಲ್ಲ' ಅನ್ನುವುದು ಸುಲಭದ ಉತ್ತರ. ಅದರಲ್ಲಿ ಅರ್ಧ ನಿಜವಿದೆ. ಸರಪಳಿ ಎಳೆಯುವ ಹಳೇ ಫ್ಲಶ್‌ಗೆ ಒಂದು ಸಲಕ್ಕೆ ಹತ್ತು ಲೀಟರಿಗೂ ಜಾಸ್ತಿ ನೀರು ಬೇಕು. ಒಂದೂವರೆ ಲಕ್ಷ ಜನ ದಿನಕ್ಕೆ ಒಂದೇ ಸಲ ಎಳೆದರೂ 15 ಲಕ್ಷ ಲೀಟರ್ ಆಯಿತು. ನಮ್ಮಂಥ ಒಣ ಸೀಮೆಯಲ್ಲಿ ಅದು ಭಾರೀ ಲೆಕ್ಕವೇ. ಆದರೆ ಮೂರು ಕಿಲೋಮೀಟರ್ ಕೆಳಗೆ ತಂಪು ಗಾಳಿ ಕಳಿಸಿದವರಿಗೆ ಇದು ಆಗದ ಕೆಲಸವಾಗಿತ್ತು ಅಂದರೆ ನಾನು ನಂಬುವುದಿಲ್ಲ. ಚೊಂಬಿನಲ್ಲಿ ಎರಡು ಮೂರು ಲೀಟರ್ ಸುರಿದರೂ ಸಾಗುವಂಥ ಕಕ್ಕಸು ಕಟ್ಟಬಹುದು, ಅದಕ್ಕೆ ಯಂತ್ರವೂ ಬೇಡ. ಗಣಿಯ ಆಳಕ್ಕೆ ಸುರಿದ ದುಡ್ಡು ಚಿನ್ನವಾಗಿ ವಾಪಸ್ಸು ಬರುತ್ತಿತ್ತು. ಕಕ್ಕಸಿಗೆ ಸುರಿದ ದುಡ್ಡು ಬರುತ್ತಿರಲಿಲ್ಲ. ಪೈಪಿಗಿಂತ ಮನುಷ್ಯನ ಕೂಲಿ ಅಗ್ಗವಾಗಿತ್ತು. ಅಗ್ಗವಾಗಿಟ್ಟದ್ದು ಜಾತಿ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಒಡೆಯರು ಮೂರು ಸಲ ಬದಲಾದರೂ ಕಿಂಡಿಗಳು ಹಾಗೇ ಇದ್ದವು. ಬಿಳಿಯರ ಕಂಪನಿಯನ್ನು ಮಾತ್ರ ಬೈದು ಸುಮ್ಮನಾಗುವವರು ಈ ಇಸವಿಗಳನ್ನು ನೋಡಬೇಕು.

ಎಣಿಸಿದ ರೋಗ, ಎಣಿಸದ ರೋಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾವ ರೋಗಕ್ಕೆ ಊರು ಎಚ್ಚರವಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದರಲ್ಲೇ ಬಹಳ ವಿಷಯವಿದೆ.

1898ರಲ್ಲಿ ಮೈಸೂರು ಸೀಮೆಗೆ ಪ್ಲೇಗ್ ಬಂತು. ಇಲಿ ಬಿದ್ದರೆ ಮನೆ ಬಿಟ್ಟು ಊರ ಹೊರಗೆ ಗುಡಾರ ಹಾಕುತ್ತಿದ್ದರು. ಪ್ಲೇಗಿನಮ್ಮ, ಪ್ಲೇಗ್ ಮಾರಮ್ಮ ಅಂತ ಗುಡಿಗಳೆದ್ದವು, ಈಗಲೂ ಇವೆ. ಆ ಹೊಡೆತದ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಯಂಥ ಅಗಲ ಬೀದಿಯ ಬಡಾವಣೆಗಳು ಬೆಳೆದವು. ಗಣಿಯ ಪಕ್ಕ ರಾಬರ್ಟ್‌ಸನ್‌ಪೇಟೆಯನ್ನು ಗೆರೆ ಎಳೆದ ಹಾಗೆ ನೇರ ಬೀದಿಗಳಲ್ಲಿ ಕಟ್ಟಿದರು. ಪ್ಲೇಗಿನ ಚಿಗಟಕ್ಕೆ ಬಂಗಲೆ, ಗುಡಿಸಲು ಅಂತ ಭೇದವಿಲ್ಲ. ಎಲ್ಲರಿಗೂ ಜೀವಭಯ ಬಂದಾಗ ಸರ್ಕಾರದ ಹತ್ತಿರ ದುಡ್ಡೂ ಬಂತು, ನಕ್ಷೆಯೂ ಬಂತು.

ಸಿಲಿಕೋಸಿಸ್ ಕಥೆ ಬೇರೆ. ಗಣಿಯ ಕಲ್ಲು ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುವ ಕಾಯಿಲೆ. ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರದ ಗಣಿಗಳಿಂದ. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಜಾಸ್ತಿ ಜನರಲ್ಲಿ ಅದು ಕಂಡಿತು. ಮೈಸೂರು ಸಂಸ್ಥಾನ ಪರಿಹಾರಕ್ಕೆ ನಿಯಮ ಮಾಡಿತು. ಕಡಿಮೆಯೋ ಜಾಸ್ತಿಯೋ, ಗಣಿ ಕಾರ್ಮಿಕನ ಎದೆಯನ್ನು ಯಾರೋ ಎಕ್ಸ್‌ರೇ ತೆಗೆದು ನೋಡಿದರು, ಲೆಕ್ಕ ಬರೆದರು. ಅದರ ಹಿಂದೆ ಕಾರ್ಮಿಕರ ಹೋರಾಟವೂ ಇತ್ತು. ಬಕೆಟ್ ಹೊರುವವಳ ಕೈ ಕಾಲು ಯಾರೂ ನೋಡಲಿಲ್ಲ. ಅವಳಿಗೆ ಯಾವ ಕಾಯಿಲೆ ಎಷ್ಟು ಬಂತು ಅಂತ ಬರೆದಿಡುವ ಪುಸ್ತಕವೇ ಇರಲಿಲ್ಲ.

ಆ ಕಾಯಿಲೆಗಳು ಹೇಗೆ ಹಬ್ಬುತ್ತವೆ ಅನ್ನುವುದು ಮಾತ್ರ ಆಗಲೇ ಚೆನ್ನಾಗಿ ಗೊತ್ತಿತ್ತು. ತೆರೆದ ಬಕೆಟ್ ಮೇಲೆ ಕೂತ ನೊಣ ಎದ್ದು ಮುದ್ದೆಯ ತಟ್ಟೆ ಮೇಲೆ ಕೂರುತ್ತದೆ. ಕಾಲರಾ, ಟೈಫಾಯ್ಡ್, ರಕ್ತಭೇದಿ, ಮೂರಕ್ಕೂ ಅಷ್ಟು ದಾರಿ ಸಾಕು. ಡಬ್ಬ ತೊಳೆದ ನೀರು ಮೋರಿಗೆ, ಮೋರಿಯದು ಬಾವಿಯ ಕಡೆಗೆ. ಕೊಕ್ಕೆಹುಳದ್ದು ಇನ್ನೂ ಮೋಸದ ದಾರಿ. ಅದರ ಮೊಟ್ಟೆ ಮಲದಲ್ಲಿ ಹೊರಗೆ ಬಂದು, ಒದ್ದೆ ಬೆಚ್ಚಗಿನ ಮಣ್ಣಿನಲ್ಲಿ ಮರಿಯಾಗುತ್ತದೆ. ಬರಿಗಾಲಿನಲ್ಲಿ ನಡೆದವರ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ದಿನಾ ಒಂದಿಷ್ಟು ರಕ್ತ ಹೀರುತ್ತದೆ. ಮನುಷ್ಯ ಸಾಯುವುದಿಲ್ಲ. ಬಿಳಿಚಿಕೊಳ್ಳುತ್ತಾನೆ, ಸುಸ್ತು ಅನ್ನುತ್ತಾನೆ. ಮೇಸ್ತ್ರಿ ಅವನನ್ನು 'ಸೋಮಾರಿ' ಅನ್ನುತ್ತಾನೆ. ಹೆಂಗಸಿಗೆ ಹೆರಿಗೆ ಹೊತ್ತಿನಲ್ಲಿ ಆ ರಕ್ತ ಕೊರತೆಯೇ ಜೀವಕ್ಕೆ ಬರುತ್ತದೆ. 1920ರ ದಶಕದ ಕೊನೆಗೆ ರಾಕ್‌ಫೆಲರ್ ಫೌಂಡೇಶನ್ ಸಹಾಯದಿಂದ ಮೈಸೂರು ಸಂಸ್ಥಾನ ತನ್ನ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟಲು ಹೊರಟಿತ್ತು. ತಿಳಿವಳಿಕೆಗೆ ಬರ ಇರಲಿಲ್ಲ.

ಇನ್ನೊಂದು ವಿಷಯ ನನಗೆ ತೀರಾ ನೋವು ಕೊಡುತ್ತದೆ. ಮಲವನ್ನು ಗೊಬ್ಬರ ಮಾಡುವ ಒಳ್ಳೆಯ ವಿಧಾನ ಹುಟ್ಟಿದ್ದು ನಮ್ಮ ಪಕ್ಕದಲ್ಲೇ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅದನ್ನು ರೂಪಿಸಿದರು. ಒಂದು ಪದರ ಊರ ಕಸ, ಒಂದು ಪದರ ಮಲ, ಮತ್ತೆ ಕಸ. ಮೇಲೆ ಮಣ್ಣು ಮೆತ್ತಿ ಆರೆಂಟು ತಿಂಗಳು ಬಿಡುವುದು. ಒಳಗೆ ಕಾವು ಏರುತ್ತದೆ. ಆ ಕಾವಿಗೂ ಕಾಲಕ್ಕೂ ಹುಳ, ಮೊಟ್ಟೆ ಬಹುಪಾಲು ಸಾಯುತ್ತವೆ, ವಾಸನೆ ಹೋಗುತ್ತದೆ, ನೊಣ ಬರುವುದಿಲ್ಲ. ಜಗತ್ತೇ ಇದನ್ನು 'ಬೆಂಗಳೂರು ಪದ್ಧತಿ' ಅಂತ ಕರೆಯುತ್ತದೆ. ರಾಗಿ ಹೊಲಕ್ಕೆ, ತರಕಾರಿ ತೋಟಕ್ಕೆ ಚಿನ್ನದಂಥ ಗೊಬ್ಬರ. ಗುಂಡಿ ತಲುಪಿದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ವಿಜ್ಞಾನ ಸಿಕ್ಕಿತು. ಮನೆಯಿಂದ ಗುಂಡಿಯವರೆಗೆ ಯಾರು ತರಬೇಕು ಅನ್ನುವುದನ್ನು ಮಾತ್ರ ಜಾತಿಗೇ ಬಿಟ್ಟರು.

ಕಾನೂನು ಬಂದದ್ದು ಎಷ್ಟು ತಡ

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾನೂನು ಬರಲು ಇನ್ನೂ ಇಪ್ಪತ್ತು ವರ್ಷ ಇತ್ತು. ಆ ಹೆಜ್ಜೆಯ ತೂಕ ನಾವು ಇನ್ನೂ ಸರಿಯಾಗಿ ತೂಗಿಲ್ಲ ಅನಿಸುತ್ತದೆ. ಪೌರಕಾರ್ಮಿಕರ ಬದುಕಿನ ಬಗ್ಗೆ ಐ. ಪಿ. ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಅದು ಹೇಳಿತ್ತು. ಇವತ್ತಿಗೂ ಹೋರಾಟದ ಸಭೆಗಳಲ್ಲಿ ಆ ಹೆಸರು ಕೇಳಿಬರುತ್ತದೆ.

ಆದರೆ ಆದೇಶ ಬಂದ ಮೇಲೂ ಕೆಜಿಎಫ್ ಲೈನುಗಳಲ್ಲಿ ಕೆಲಸ ನಡೆದೇ ಇತ್ತು. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲೇ, 1966ರಲ್ಲಿ, ಇದೇ ಕೆಲಸದ ಕುಟುಂಬದಲ್ಲಿ. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ಮನೆಯವರು ಅವರಿಂದ ಮುಚ್ಚಿಟ್ಟಿದ್ದರು. ದೊಡ್ಡವರಾದ ಮೇಲೆ ಕಣ್ಣಾರೆ ನೋಡಿ, 1980ರ ದಶಕದಲ್ಲಿ ಅಧಿಕಾರಿಗಳಿಗೆ ಪತ್ರ ಬರೆಯಲು ಶುರು ಮಾಡಿದರು. 'ಇಲ್ಲಿ ಅಂಥ ಕೆಲಸವೇ ಇಲ್ಲ' ಅನ್ನುವ ಗೋಡೆಗೆ ತಲೆ ಕೊಟ್ಟು, ಫೋಟೋ ತೆಗೆದು ತೋರಿಸಿದರು. ಆಮೇಲೆ ಅದು ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶಕ್ಕೆಲ್ಲ ಹಬ್ಬಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೋಲಾರ ಅಂದರೆ ಚಿನ್ನ ಅಂತ ಹೇಳುವ ನಮ್ಮವರು, ಮನುಷ್ಯರು ಮಲ ಹೊರಬಾರದು ಅನ್ನುವ ದೇಶದ ದೊಡ್ಡ ಹೋರಾಟ ಇಲ್ಲಿಂದ ಎದ್ದಿತು ಅಂತಲೂ ಹೇಳಿಕೊಳ್ಳಬೇಕು.

1993ರಲ್ಲಿ ದೇಶದ ಮೊದಲ ಕಾನೂನು, 2013ರಲ್ಲಿ ಎರಡನೆಯದು. ಎರಡನೆಯದು ಒಣ ಕಕ್ಕಸಿಗೆ ಮಾತ್ರ ನಿಲ್ಲಲಿಲ್ಲ. ರಕ್ಷಣೆ ಇಲ್ಲದೆ ಮ್ಯಾನ್‌ಹೋಲ್‌ಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನೂ ಅಪರಾಧ ಮಾಡಿತು. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಗುತ್ತಿಗೆದಾರನಿಗೆ ಮಾತ್ರವಲ್ಲ, ಮನೆ ಮಾಲೀಕ ಇಳಿಸಿದರೂ ಇದೇ. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರ ಏರಿಸಬೇಕಾಗಿ ಬಂತು ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ, ಅಲ್ವಾ?

ಈಗಿನ ಗುಂಡಿ

ಅಜ್ಜಿ ಮನೆಯ ಕಿಂಡಿ ಮುಚ್ಚಿದ ಮೇಲೆ ಹಿತ್ತಿಲಲ್ಲಿ ಗುಂಡಿ ತೋಡಿಸಿದರು. ನಮ್ಮ ಕಡೆ ಬಹಳ ಮನೆಗಳದ್ದು ಇದೇ ಕಥೆ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಮೇಲೆ ಚಪ್ಪಡಿ. ಅದನ್ನೇ ಸೆಪ್ಟಿಕ್ ಟ್ಯಾಂಕ್ ಅನ್ನುತ್ತೇವೆ. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ. ನಿಜವಾದ ಟ್ಯಾಂಕಿಗೆ ತಳ ಇರುತ್ತದೆ, ಒಳಗೆ ಎರಡು ಅಂಕಣ ಇರುತ್ತವೆ, ತಿಳಿ ನೀರು ಹೊರಗೆ ಬಂದು ಬೇರೆ ಗುಂಡಿಯಲ್ಲಿ ಇಂಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಲೇಬೇಕು. ನಮ್ಮ ರಿಂಗಿನ ಗುಂಡಿಗೆ ತಳವೇ ಇಲ್ಲ. ಕೆಳಗಿರುವುದು ಗಟ್ಟಿ ಕಲ್ಲು, ಕಲ್ಲಿನಲ್ಲಿ ಬಿರುಕು. ಮಣ್ಣಾದರೆ ಸ್ವಲ್ಪ ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಅದೇ ಬಿರುಕಿನ ಸಾಲಿನಲ್ಲಿ ಬೋರ್‌ವೆಲ್ ನಿಂತಿರುತ್ತದೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಕುಡಿಯುವ ನೀರಿನ ಮಿತಿ. ದಾಟಿದರೆ ಎಳೆ ಮಕ್ಕಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಫ್ಲೋರೈಡ್ ಬಗ್ಗೆ ನಮ್ಮ ಕಡೆ ಅಷ್ಟು ಮಾತಾಡುತ್ತೇವೆ. ನೈಟ್ರೇಟ್ ಬಗ್ಗೆ ಯಾರೂ ಕೇಳುವುದಿಲ್ಲ.

2014ರ ನಂತರ ಸ್ವಚ್ಛ ಭಾರತದಲ್ಲಿ ಹಳ್ಳಿ ಮನೆಗೆ 12,000 ರೂಪಾಯಿ ಕೊಟ್ಟು ಶೌಚಾಲಯ ಕಟ್ಟಿಸಿದರು. ಪರಿಶಿಷ್ಟರಿಗೆ ನಮ್ಮ ರಾಜ್ಯ 15,000 ಕೊಟ್ಟಿತು. ಕಾಗದದ ಮೇಲೆ ಅದು ಅವಳಿ ಗುಂಡಿ. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು, ಎರಡು ವರ್ಷ ಬಿಟ್ಟರೆ ಮೊದಲನೆಯದು ಒಣ ಗೊಬ್ಬರ. ಯಾರೂ ಹಸಿ ಮಲ ಮುಟ್ಟಬೇಕಾಗಿಲ್ಲ. ಬಹಳ ಒಳ್ಳೆಯ ಯೋಚನೆ. ಆದರೆ ನಮ್ಮೂರ ಮೇಸ್ತ್ರಿಗಳು ಎರಡರ ಬದಲು ಒಂದೇ ಆಳದ ಗುಂಡಿ ತೋಡಿದರು. 'ಇಪ್ಪತ್ತು ವರ್ಷ ಯೋಚನೆಯಿಲ್ಲ' ಅಂತ ಮನೆಯವರಿಗೂ ಸಮಾಧಾನ. ಒಂದು ದಿನ ಆ ಗುಂಡಿಯೂ ತುಂಬುತ್ತದೆ.

ತುಂಬಿದಾಗ ಏನಾಗುತ್ತದೆ ಅನ್ನುವುದನ್ನು ನಾನು ನಮ್ಮ ಹಿತ್ತಿಲಲ್ಲೇ ನೋಡಿದ್ದೇನೆ. ಸಕ್ಕಿಂಗ್ ಗಾಡಿ ಬಂತು. ದಪ್ಪ ಪೈಪು ಇಳಿಸಿದರು, ನೀರಾದದ್ದೆಲ್ಲ ಗುಡುಗುಡು ಎಳೆದುಕೊಂಡಿತು. ಆಮೇಲೆ ನಿಂತುಬಿಟ್ಟಿತು. ಗಾಡಿಯವನು ಬಗ್ಗಿ ಟಾರ್ಚ್ ಬಿಟ್ಟು ನೋಡಿದ. "ಅಣ್ಣಾ, ಅಡಿಯಲ್ಲಿ ಗಟ್ಟಿ ಕಟ್ಕೊಂಡೈತೆ. ಪೈಪ್ ಎಳೀತಿಲ್ಲ. ಒಬ್ರು ಇಳಿದು ಗೆಬರಿದ್ರೆ ಬತ್ತದೆ. ಹುಡ್ಗ ಅವ್ನೆ, ಒಂದೈನೂರು ಕೊಡಿ." ಹುಡುಗ ಆಗಲೇ ಅಂಗಿ ಬಿಚ್ಚುತ್ತಿದ್ದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು.

ಆ ದಿನ ನಾನು ಬೇಡ ಅಂದೆ. ಅದಕ್ಕೆ ಹತ್ತು ವರ್ಷ ಮುಂಚೆ ಇದೇ ಗುಂಡಿಗೆ ನಮ್ಮ ಮನೆಯವರು ಒಬ್ಬರನ್ನು ಇಳಿಸಿದ್ದರು, ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಅವರು ಬದುಕಿ ಮೇಲೆ ಬಂದದ್ದು ನಮ್ಮ ಪುಣ್ಯವೇ ಹೊರತು ನಮ್ಮ ಜಾಗ್ರತೆಯಲ್ಲ. ಗುಂಡಿಯ ಗಸಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಕೂತಿರುತ್ತದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ, ವಾಸನೆ ಬರುವುದಿಲ್ಲ. 'ವಾಸನೆ ಹೋಯ್ತು, ಈಗ ಇಳೀಬಹುದು' ಅಂದುಕೊಂಡ ಕ್ಷಣವೇ ಅಪಾಯದ್ದು. ಕೋಲು ಆಡಿಸಿದಾಗ ಗಸಿಯೊಳಗಿನ ಅನಿಲ ಒಮ್ಮೆಗೇ ಎದ್ದು ಬರುತ್ತದೆ. ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ, ಅವನೂ ಬೀಳುತ್ತಾನೆ. ಪೇಪರಿನಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಬರುವುದು ಇದಕ್ಕೇ. ಬಾಯಿಗೆ ಟವೆಲ್ ಕಟ್ಟಿಕೊಂಡರೆ, ದೀಪ ಇಳಿಸಿ ನೋಡಿದರೆ ಏನೂ ಉಪಯೋಗವಿಲ್ಲ. ಗುಂಡಿಯಲ್ಲಿ ಮೀಥೇನ್ ಕೂಡ ಇರುತ್ತದೆ, ದೀಪಕ್ಕೆ ಹತ್ತಿಕೊಳ್ಳುತ್ತದೆ.

ಹುಡುಗನಿಗೆ ಅಂಗಿ ಹಾಕಿಕೊಳ್ಳಲು ಹೇಳಿ, ಗುಂಡಿಗೆ ಎರಡು ಡ್ರಮ್ ನೀರು ಬಿಡಿಸಿ, ಮೇಲಿನಿಂದಲೇ ಉದ್ದ ಗಳುವಿನಲ್ಲಿ ಕಲಕಿದರು. ಒಂದು ರಾತ್ರಿ ನೆನೆಯಲು ಬಿಟ್ಟು ಮಾರನೇ ದಿನ ಮತ್ತೆ ಗಾಡಿ ಬಂತು. ಎರಡು ಬಾಡಿಗೆ ಬಿತ್ತು. ಮುಕ್ಕಾಲು ಪಾಲು ಬಂತು. ಅಷ್ಟೇ ಸಾಕು, ಗುಂಡಿ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯಬೇಕಾಗಿಲ್ಲ.

ಹೋಗುವಾಗ ಗಾಡಿಯವನನ್ನು ಕೇಳಿದೆ, ಇದನ್ನು ಎಲ್ಲಿ ಸುರಿಯುತ್ತೀಯಪ್ಪ ಅಂತ. ಕೆರೆ ಕಡೆ ಕೈ ತೋರಿಸಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಎಲ್ಲಿ ಸುರಿಯಬೇಕು ಅಂತ ಅವನಿಗೆ ಯಾರೂ ಜಾಗ ತೋರಿಸಿಲ್ಲ. ನಮ್ಮ ಗುಂಡಿಯ ಹುಳದ ಮೊಟ್ಟೆಗಳು ಆ ಕೆರೆ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಅಲ್ಲಿ ದನ ಮೇಯುತ್ತವೆ, ಮಕ್ಕಳು ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾರೆ. 1950ರ ಬಕೆಟ್ಟು ಸುತ್ತು ಹೊಡೆದು ಅಲ್ಲಿಗೇ ಬಂತು.

ಇದಕ್ಕೆ ದಾರಿ ಇದೆ, ದೂರವೂ ಇಲ್ಲ. ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ದೇವನಹಳ್ಳಿಯಲ್ಲಿ 2015ರಲ್ಲಿ ಮಲದ ಗಸಿಯನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ಊರಿನ ಮಟ್ಟದಲ್ಲಿ ಇದು ದೇಶದಲ್ಲೇ ಮೊದಲನೆಯದು. ದಿನಕ್ಕೆ 6,000 ಲೀಟರ್ ಸಾಮರ್ಥ್ಯ. ಗಾಡಿ ಅಲ್ಲಿಗೆ ಬಂದು ಸುರಿಯುತ್ತದೆ. ಗಸಿ ಕೊಳೆತು, ಒಣಗಿ, ಗೊಬ್ಬರವಾಗುತ್ತದೆ. ನೀರು ಬೇರೆಯಾಗಿ ಸೋಸಿ ಹೋಗುತ್ತದೆ. ನೋಡಿದರೆ ಆಚಾರ್ಯರ 1939ರ ಯೋಚನೆಗೆ ಹತ್ತಿರದ್ದೇ. ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಆಗುವ ಖರ್ಚಿನ ಸಣ್ಣ ಪಾಲು ಸಾಕು.

ನೀರಿಲ್ಲದ ಊರಿಗೆ ಯುಜಿಡಿ

ಯುಜಿಡಿ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಮ್ಮ ಕೌನ್ಸಿಲರ್‌ಗಳು ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಒಂದು ಲೆಕ್ಕ ನೋಡಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅಂತ ಕೇಂದ್ರದ ಮಾನದಂಡ ಹೇಳುತ್ತದೆ. ಒಳಚರಂಡಿ ಇಲ್ಲದಿದ್ದರೆ 70 ಸಾಕು. ಯಾಕೆ ಇಷ್ಟು ವ್ಯತ್ಯಾಸ? ಪೈಪಿನಲ್ಲಿ ಮಲ ಮುಂದಕ್ಕೆ ಸಾಗಬೇಕಾದರೆ ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ನಿಧಾನವಾದರೆ ಗಸಿ ತಳದಲ್ಲಿ ಕೂರುತ್ತದೆ, ಗಟ್ಟಿಯಾಗುತ್ತದೆ, ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಬೀದಿಯಲ್ಲಿ, ಡ್ರಮ್ಮಿನಿಂದ ಅರ್ಧ ಚೊಂಬು ಸುರಿಯುವ ಮನೆಗಳಲ್ಲಿ ಆ ವೇಗ ಎಲ್ಲಿಂದ ಬರಬೇಕು? ಕಟ್ಟಿಕೊಂಡ ಪೈಪಿನ ಬಾಯಿ ಮ್ಯಾನ್‌ಹೋಲ್. ಅಲ್ಲಿ ಮತ್ತೆ ಒಬ್ಬ ಮನುಷ್ಯ ಬೇಕಾಗುತ್ತಾನೆ.

ಹಾಗಾಗಿ ನೀರು ಕೊಡದೆ ಯುಜಿಡಿ ಕೊಡುವುದು ಅಂದರೆ ಗುಂಡಿಗಿಳಿಯುವ ಕೆಲಸವನ್ನು ಹಿತ್ತಿಲಿನಿಂದ ಬೀದಿಗೆ ತಂದ ಹಾಗೆ. ನೀರು ಸಾಲದ ವಾರ್ಡುಗಳಿಗೆ ಒಳ್ಳೆಯ ಅವಳಿ ಗುಂಡಿ, ತಳವಿರುವ ಟ್ಯಾಂಕು, ಮೂರು ವರ್ಷಕ್ಕೊಮ್ಮೆ ನಗರಸಭೆಯೇ ಕಳಿಸುವ ಗಾಡಿ, ಗಸಿಗೆ ಒಂದು ಘಟಕ, ಇವೇ ಹೆಚ್ಚು ಮರ್ಯಾದೆಯ ದಾರಿ ಅಂತ ನನ್ನ ಗಟ್ಟಿ ಅಭಿಪ್ರಾಯ. 2023ರಲ್ಲಿ ಶುರುವಾದ ಕೇಂದ್ರದ ನಮಸ್ತೆ ಯೋಜನೆ ಗಾಡಿ, ಯಂತ್ರ, ರಕ್ಷಣಾ ಉಡುಪಿನ ಮಾತಾಡುತ್ತದೆ. ಆದರೆ ಗಾಡಿ ಎಲ್ಲಿ ಸುರಿಯಬೇಕು ಅನ್ನುವುದನ್ನು ಊರೇ ತೀರ್ಮಾನಿಸಬೇಕು.

ಕೊನೆಯ ಪಾಲನ್ನು ಬಿಟ್ಟುಬಿಡುವ ಅಭ್ಯಾಸ ದೊಡ್ಡ ಯೋಜನೆಗಳಲ್ಲೂ ಇದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ತಂದು, 126 ಕೆರೆ ತುಂಬಿಸುವ ಗುರಿ. ಚಿಕ್ಕಬಳ್ಳಾಪುರಕ್ಕೆ ಇದೇ ಥರ ಎಚ್.ಎನ್. ವ್ಯಾಲಿ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ರೈತರು ಸಂತೋಷ ಪಟ್ಟಿದ್ದನ್ನು ನಾನು ಅಲ್ಲಗಳೆಯುವುದಿಲ್ಲ, ನಮ್ಮ ನೆಂಟರ ಹೊಲದಲ್ಲೂ ಟೊಮೆಟೊ ಚೆನ್ನಾಗಿ ಬಂದಿದೆ. ಆದರೆ ಆ ವರ್ಷವೇ ಕೆರೆಯಲ್ಲಿ ನೊರೆ ಎದ್ದು ವಿಷಯ ಕೋರ್ಟಿಗೆ ಹೋಯಿತು. ಅವತ್ತಿನಿಂದ ಜಿಲ್ಲೆಯ ಜನ ಕೇಳುತ್ತಿರುವುದು ಒಂದೇ, ಮೂರನೇ ಹಂತದ ಶುದ್ಧೀಕರಣ. ಎರಡು ಹಂತದಲ್ಲಿ ಗಸಿಯೂ, ಕೊಳೆಯುವ ವಸ್ತುವೂ ಬಹುಪಾಲು ಹೋಗುತ್ತದೆ. ರಂಜಕ, ನೈಟ್ರೇಟ್, ರೋಗಾಣು ಪೂರ್ತಿ ಹೋಗುವುದಿಲ್ಲ. ಕೆರೆಯಿಂದ ಅದು ಇಳಿಯುವುದು ನಾನು ಆಗಲೇ ಹೇಳಿದ ಅದೇ ಕಲ್ಲಿನ ಬಿರುಕಿಗೆ. 'ಕೆರೆಯೇ ಸೋಸಿಕೊಳ್ಳುತ್ತದೆ' ಅನ್ನುವ ಮಾತಿನಲ್ಲಿ ನನಗೆ 'ಅವಳೇ ಹೊತ್ತುಕೊಂಡು ಹೋಗುತ್ತಾಳೆ' ಅನ್ನುವ ಹಳೇ ದನಿ ಕೇಳಿಸುತ್ತದೆ. ಮೂರನೇ ಹಂತದ ಖರ್ಚನ್ನು ಕೊಳಚೆ ಮಾಡಿದ ಊರು ಕೊಡಬೇಕು, ಕುಡಿಯುವ ಊರು ಅಲ್ಲ.

ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿತು. ಲೈನುಗಳಲ್ಲಿ ಜನ ಇನ್ನೂ ಇದ್ದಾರೆ. ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲಿ ಎಷ್ಟೋ ಜನರ ಕೆಲಸ ಆ ಊರನ್ನು ಗುಡಿಸುವುದು, ತೊಳೆಯುವುದು.

ನಮ್ಮ ಹಿತ್ತಿಲಿನ ಗುಂಡಿಗೆ ಈ ಬೇಸಿಗೆಗೆ ಮೂರು ವರ್ಷ ಆಗುತ್ತದೆ. ಹೋದ ಸಲ ಹತ್ತು ವರ್ಷ ಬಿಟ್ಟದ್ದಕ್ಕೇ ಅದು ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಈ ಸಲ ಮಳೆಗಾಲಕ್ಕೆ ಮುಂಚೆ, ಗಸಿ ಇನ್ನೂ ನೀರಾಗಿರುವಾಗಲೇ ಗಾಡಿ ಕರೆಸುತ್ತೇನೆ. ಗಸಿ ಸುರಿಯಲು ಜಾಗ ಗೊತ್ತುಮಾಡಿ ಅಂತ ನಗರಸಭೆಗೆ ಒಂದು ಅರ್ಜಿ ಬರೆದಿದ್ದೇನೆ. ಬೀದಿಯಲ್ಲಿ ಹದಿನೇಳು ಮನೆಯವರು ಸಹಿ ಹಾಕಿದ್ದಾರೆ, ಇನ್ನು ಆರು ಮನೆ ಬಾಕಿ ಇದೆ.